ಏಳು ಸಾವಿರ ದ್ವೀಪಗಳ ಮಳಿಗೆ ಸಾಲು

ಕೊಲ್ಲಿಯ ದೊಡ್ಡ ನಗರವೊಂದರ ವಸ್ತುಪ್ರದರ್ಶನ ಭವನ. ಆಹಾರ ವ್ಯಾಪಾರಕ್ಕೆಂದೇ ನಡೆಯುವ ಅಂತರರಾಷ್ಟ್ರೀಯ ಮೇಳ. ಬಾಗಿಲಲ್ಲಿ ಕೊರಳಿಗೆ ಹಾಕುವ ಬ್ಯಾಡ್ಜಿನಲ್ಲೇ ನಮ್ಮ ಜಾತಕ ಇರುತ್ತದೆ. ಆಮದುದಾರರು, ಹೋಟೆಲಿನವರು, ಸೂಪರ್‌ಮಾರ್ಕೆಟಿನವರು, ಪತ್ರಿಕೆಯವರು ಎಂದು ಅಲ್ಲೇ ಗುಂಪು ಮಾಡಿಬಿಡುತ್ತಾರೆ. ಪತ್ರಿಕೆಯವರನ್ನು ಮಳಿಗೆಯವರು ನಗುಮುಖದಿಂದಲೇ ಮಾತಾಡಿಸುತ್ತಾರೆ, ಕಣ್ಣು ಮಾತ್ರ ಹಿಂದೆ ಬರುತ್ತಿರುವವರ ಬ್ಯಾಡ್ಜಿನ ಮೇಲಿರುತ್ತದೆ. ನನ್ನದು ಆ ಗುಂಪು. ಏನನ್ನೂ ಕೊಳ್ಳುವವನಲ್ಲ, ಮಾರುವವನೂ ಅಲ್ಲ. ಫಿಲಿಪ್ಪೀನ್ಸಿನವರು ತಮ್ಮ ತಿನಿಸನ್ನು ಹೊರಗಿನವರಿಗೆ ಹೇಗೆ ಮಾರುತ್ತಾರೆ ಎಂದು ನೋಡಬೇಕಿತ್ತು.

ಈ ಕುತೂಹಲಕ್ಕೆ ಕಾರಣವಿದೆ. ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಕೊಲ್ಲಿಗೆ ಬಂದು ದುಡಿಯುವವರಿಗೆ ಫಿಲಿಪ್ಪೀನ್ಸಿನವರು ಅಪರಿಚಿತರಲ್ಲ. ಆಸ್ಪತ್ರೆಯಲ್ಲಿ ನರ್ಸ್, ಅಂಗಡಿಯಲ್ಲಿ ಕ್ಯಾಷಿಯರ್, ಆಫೀಸಿನಲ್ಲಿ ಪಕ್ಕದ ಕುರ್ಚಿಯವರು. ಆದರೂ ಅವರ ಊಟದ ಹೆಸರು ಹೇಳಿ ಎಂದರೆ ನಮ್ಮವರಲ್ಲಿ ಹೆಚ್ಚಿನವರು ತಡವರಿಸುತ್ತಾರೆ. ಥಾಯ್, ಜಪಾನಿ, ಕೊರಿಯನ್ ಊಟಕ್ಕೆ ಬೆಂಗಳೂರಿನಲ್ಲೂ ಗಿರಾಕಿಗಳಿದ್ದಾರೆ. 7,600ಕ್ಕೂ ಹೆಚ್ಚು ದ್ವೀಪಗಳಿರುವ ಫಿಲಿಪ್ಪೀನ್ಸಿನ ಅಡುಗೆಗೆ ಅಂಥ ಹೆಸರು ಬಂದಿಲ್ಲ.

ಒಳಗೆ ದೇಶಕ್ಕೊಂದು ಸಾಲು. ಬಾಸ್ಮತಿ ಅಕ್ಕಿಯ ಚೀಲಗಳು ಗೋಪುರದಂತೆ ನಿಂತಿರುವ ಭಾರತದ ಮಳಿಗೆಗಳನ್ನು ದಾಟಿ, ಎರಡು ತಿರುವು ಕಳೆದ ಮೇಲೆ ಫಿಲಿಪ್ಪೀನ್ಸಿನ ಸಾಲು ಸಿಕ್ಕಿತು. ಇಂಥ ಕಡೆ ವ್ಯವಸ್ಥೆ ಬಹುಮಟ್ಟಿಗೆ ಒಂದೇ ಥರ. ಸರ್ಕಾರದ ರಫ್ತು ಇಲಾಖೆ ಒಟ್ಟಾಗಿ ಜಾಗ ಹಿಡಿದು, ಸಣ್ಣ ಸಣ್ಣ ಮಳಿಗೆ ಮಾಡಿ ತನ್ನ ದೇಶದ ಕಂಪನಿಗಳಿಗೆ ಹಂಚುತ್ತದೆ. ಬಾಡಿಗೆ, ಅಲಂಕಾರ, ಪ್ರಚಾರದ ಖರ್ಚಿನಲ್ಲಿ ಒಂದು ಪಾಲು ಅದೇ ಹೊರುತ್ತದೆ. ಎಲ್ಲ ಮಳಿಗೆಗೂ ಒಂದೇ ಬಣ್ಣ, ಹಣೆಪಟ್ಟಿಯಲ್ಲಿ ಒಂದೇ ಅಳತೆಯ ಅಕ್ಷರ. ಡಬ್ಬಿ ಹಣ್ಣನ್ನು ಹಡಗುಗಟ್ಟಲೆ ಕಳಿಸುವವರಿಗೂ, ಯಾವುದೋ ಪುಟ್ಟ ಊರಿನಲ್ಲಿ ತೆಂಗಿನ ವಿನೆಗರ್ ಮಾಡುವವರಿಗೂ ಸಿಕ್ಕಿದ್ದು ಅಷ್ಟೇ ಅಗಲದ ಮೇಜು. ಭಾರಿ ಕಂಪನಿಗಳು ಬೇರೆ ಹಾಲ್‌ನಲ್ಲಿ ಸ್ವಂತ ಮಳಿಗೆ ಹಾಕಿದ್ದವೋ ಏನೋ, ಅತ್ತ ನಾನು ಹೋಗಲಿಲ್ಲ.

ಸಾಲಿನ ಮೂಲೆಯಲ್ಲಿ ಅಡುಗೆ ಕಟ್ಟೆ. ಬಾಣಸಿಗರೊಬ್ಬರು ಕೋಳಿ ಅಡೋಬೊ ಮಾಡುತ್ತಿದ್ದರು. ಸೋಯಾ ಸಾಸ್, ವಿನೆಗರ್, ಬೆಳ್ಳುಳ್ಳಿ, ಪಲಾವ್ ಎಲೆ, ಇಡೀ ಕಾಳುಮೆಣಸು. ಮಸಾಲೆ ಇಷ್ಟೇ. ಕಾಗದದ ಬಟ್ಟಲಿನಲ್ಲಿ ಒಂದು ತುಂಡು, ಒಂದು ತುತ್ತು ಅನ್ನ. ಖಾರವಿಲ್ಲ. ಹುಳಿ ಮೊದಲು ಬರುತ್ತದೆ, ಉಪ್ಪು ಆಮೇಲೆ. ಕಟ್ಟೆಯ ಸುತ್ತ ಜನವೋ ಜನ, ಅವರಲ್ಲಿ ಮುಕ್ಕಾಲು ಪಾಲು ಫಿಲಿಪ್ಪೀನ್ಸಿನವರೇ ಎಂದು ಮಾತಿನಿಂದ ತಿಳಿಯುತ್ತಿತ್ತು. ಬಾಣಸಿಗರ ಜತೆ ತಗಾಲೊಗ್‌ನಲ್ಲಿ ತಮಾಷೆ, ಫೋಟೊ, ಇನ್ನೊಂದು ಬಟ್ಟಲಿಗೆ ಕೈಚಾಚುವುದು. ಅವರಲ್ಲಿ ಆಮದು ಕಂಪನಿಗಳಿಂದ ಬಂದವರೆಷ್ಟು, ಅಕ್ಕಪಕ್ಕದ ಮಳಿಗೆಗಳಲ್ಲಿ ಕೆಲಸಕ್ಕಿದ್ದವರೆಷ್ಟು, ನನಗೆ ಗೊತ್ತಾಗಲಿಲ್ಲ.

ಈ ಗುಂಪನ್ನು ನೋಡಿದಾಗ ಇಡೀ ಸಾಲಿನ ಕಷ್ಟ ಅರ್ಥವಾದಂತಾಯಿತು. ಪರದೇಶದಲ್ಲಿರುವ ಫಿಲಿಪ್ಪೀನ್ಸಿನವರಿಗೆ ಊರಿನ ರುಚಿ ಮಾರಲು ಮೇಳ ಬೇಕಿಲ್ಲ. ಇಲ್ಲಿನ ಸಾಮಾನ್ಯ ಸೂಪರ್‌ಮಾರ್ಕೆಟಿಗೆ ಹೋದರೂ ಅವರಿಗಾಗಿಯೇ ಕಪಾಟುಗಳಿವೆ. ಮೀನಿನ ಸಾಸ್, ಸೀಗಡಿ ಗೊಜ್ಜು, ನೂಡಲ್ಸ್, ಹುಣಸೆಹುಳಿಯ ಸಾರಿಗೆ ಹಾಕುವ ಸಿನಿಗಾಂಗ್ ಪುಡಿ ಎಲ್ಲವೂ ಸಿಗುತ್ತವೆ. ರಫ್ತುದಾರರಿಗೆ ಬೇಕಾಗಿರುವುದು ಆ ಕಪಾಟಿನಿಂದ ಪಕ್ಕದ ಕಪಾಟಿಗೆ ದಾಟುವ ದಾರಿ. ಅಡೋಬೊ ತಿಂದು ಬೆಳೆಯದವರೂ ಬುಟ್ಟಿಗೆ ಹಾಕಿಕೊಳ್ಳಬೇಕು. ಮುಂದೆ ಹೋದಂತೆ ಪ್ರತಿ ಮೇಜಿನಲ್ಲೂ ಇದಕ್ಕೆ ಒಂದೊಂದು ಉಪಾಯ ಕಂಡಿತು.

ಮೊದಲ ಮೇಜಿನಲ್ಲಿ ಕೆಂಪು ಸಾಸಿನ ಬಾಟಲಿಗಳು. ಟೊಮೆಟೊ ಕೆಚಪ್ ಎಂದುಕೊಂಡು ಚೀಟಿ ಓದಿದರೆ ಬಾಳೆಹಣ್ಣಿನದು. ಇದಕ್ಕೊಂದು ಕಥೆಯಿದೆ. ಅಮೆರಿಕದ ಆಳ್ವಿಕೆಯಲ್ಲಿ ಫಿಲಿಪ್ಪೀನ್ಸಿನವರಿಗೆ ಕೆಚಪ್ ರುಚಿ ಹತ್ತಿತ್ತು, ಟೊಮೆಟೊ ಮಾತ್ರ ಅಲ್ಲಿ ಹೇರಳವಾಗಿರಲಿಲ್ಲ. ಊರಿನ ಬೆಳೆಯಲ್ಲೇ ಆಹಾರ ತಯಾರಿಸಬೇಕೆಂದು ಹಟ ಹಿಡಿದ ಅಲ್ಲಿನ ವಿಜ್ಞಾನಿಯೊಬ್ಬರು ಬಾಳೆಹಣ್ಣು, ವಿನೆಗರ್, ಸಕ್ಕರೆ, ಮಸಾಲೆ ಬೆರೆಸಿ ಇದನ್ನು ಮಾಡಿದರು. ಎರಡನೇ ಮಹಾಯುದ್ಧದ ಹೊತ್ತಿಗೆ ಇದು ಮಾರುಕಟ್ಟೆಗೂ ಬಂತು. ಬಾಳೆಯ ಬಣ್ಣ ಕಂದು, ಆದ್ದರಿಂದ ಕೆಂಪು ಬಣ್ಣ ಹಾಕುತ್ತಾರೆ. ಮಳಿಗೆಯ ಹುಡುಗಿ ಇದನ್ನು ಅನ್ನದ ಜತೆ ಕೊಡಲಿಲ್ಲ, ಫ್ರೆಂಚ್ ಫ್ರೈಸ್ ಮೇಲೆ ಹಾಕಿ ಕೊಟ್ಟಳು. ಹೊರಗಿನವರಿಗೆ ಗೊತ್ತಿರುವ ತಿಂಡಿಯ ಬೆನ್ನೇರಿಸಿ ಗೊತ್ತಿಲ್ಲದ ರುಚಿಯನ್ನು ದಾಟಿಸುವುದು, ಅದೇ ಮೊದಲ ಉಪಾಯ. ನಾನು ನಿಂತಿದ್ದಷ್ಟು ಹೊತ್ತೂ ತಟ್ಟೆ ಖಾಲಿಯಾಗುತ್ತಲೇ ಇತ್ತು.

ಪಕ್ಕದಲ್ಲಿ ಒಣಮಾವು. ಇಲ್ಲಿ ಯಾರೂ ಏನನ್ನೂ ವಿವರಿಸಬೇಕಾಗಿರಲಿಲ್ಲ. ಸೆಬು ದ್ವೀಪದಲ್ಲಿ ಬೆಳೆದ ಉದ್ಯಮ ಇದು. ನಮ್ಮ ಕರಾವಳಿಯ ಮಾಂಬಳ ರಸ ಹಿಂಡಿ ಪದರಪದರವಾಗಿ ಒಣಗಿಸಿದ್ದು, ಇದು ಹಣ್ಣನ್ನೇ ಹೋಳು ಮಾಡಿ ಸಕ್ಕರೆ ಪಾಕ ಹಿಡಿಸಿ ಒಣಗಿಸಿದ್ದು. ಬಾಯಲ್ಲಿಟ್ಟರೆ ಮೊದಲು ಜಗಿಯಬೇಕು, ಆಮೇಲೆ ಹಣ್ಣಿನ ಹುಳಿ ಬಿಡುತ್ತದೆ. ಹಣ್ಣು ಕಾರಬಾವ್ ತಳಿಯದು. 1995ರಲ್ಲಿ ಗಿನ್ನೆಸ್ ಪುಸ್ತಕದಲ್ಲಿ ಜಗತ್ತಿನ ಅತಿ ಸಿಹಿ ಮಾವು ಎಂದು ಹೆಸರು ಪಡೆದದ್ದು ಇದೇ ತಳಿ ಎಂಬುದನ್ನು ಮಳಿಗೆಯವರು ಹೇಳದೆ ಬಿಡುವುದಿಲ್ಲ. ಅವರು ಹೇಳದ, ನನಗೆ ಹೆಚ್ಚು ಮುಖ್ಯವೆನಿಸುವ ಸಂಗತಿ ಬೇರೆ. 1970ರ ದಶಕದಲ್ಲಿ ಅಲ್ಲಿನ ತೋಟಗಾರಿಕಾ ವಿಜ್ಞಾನಿಯೊಬ್ಬರು ಪೊಟ್ಯಾಸಿಯಂ ನೈಟ್ರೇಟ್ ದ್ರಾವಣ ಸಿಂಪಡಿಸಿದರೆ ಮಾವು ಕಾಲ ಬಿಟ್ಟು ಹೂ ಬಿಡುತ್ತದೆ ಎಂದು ತೋರಿಸಿಕೊಟ್ಟರು. ಗಿಡಕ್ಕೆ ಬೇಸಿಗೆಯನ್ನೇ ಕಾಯುವ ಅಗತ್ಯ ಕಡಿಮೆಯಾಯಿತು. ವರ್ಷದಲ್ಲಿ ಒಂದೆರಡು ತಿಂಗಳು ಮಾತ್ರ ಹಣ್ಣು ಸಿಗುವ ಕಡೆ ಕಾರ್ಖಾನೆ ನಡೆಸುವುದು ಕಷ್ಟ ಎಂಬುದು ನಮ್ಮ ಕೋಲಾರ, ಶ್ರೀನಿವಾಸಪುರದ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ.

ಇಲ್ಲಿಂದ ತೆಂಗಿನ ಓಣಿ. ಸಾಲಿನ ನಡುಭಾಗ ಪೂರ್ತಿ ಅದೇ. ತೆಂಗಿನ ಎಣ್ಣೆ ರಫ್ತಿನಲ್ಲಿ ಜಗತ್ತಿನ ಮುಂಚೂಣಿಯ ದೇಶ ಇದು, ಹಾಗಾಗಿ ಆಶ್ಚರ್ಯವೇನಿಲ್ಲ. ಒಂದೇ ಕಾಯಿಯಿಂದ ಎಷ್ಟು ಬಗೆ! ಹಸಿಕಾಯಿಯಿಂದ ನೇರವಾಗಿ ತೆಗೆದ ಎಣ್ಣೆ, ಡಬ್ಬಿಯ ಕಾಯಿಹಾಲು, ಹಾಲಿನ ಪುಡಿ, ಎಳನೀರು, ಹೊಂಬಾಳೆಯಿಂದ ಇಳಿಸಿದ ನೀರಾ ಕಾಯಿಸಿ ಮಾಡಿದ ಕಂದು ಸಕ್ಕರೆ, ತೆಂಗಿನ ಹಿಟ್ಟು, ಪಾರದರ್ಶಕ ತುಂಡುಗಳ ನಾಟಾ ಡಿ ಕೋಕೊ. ಕೊನೆಯದು ಕಾಯಿನೀರಿಗೆ ಸಕ್ಕರೆ ಬೆರೆಸಿ, ಒಂದು ಜಾತಿಯ ಬ್ಯಾಕ್ಟೀರಿಯಾ ಬಿಟ್ಟು, ಮೇಲೆ ಕಟ್ಟುವ ದಪ್ಪ ಕೆನೆಯನ್ನು ಕತ್ತರಿಸಿದ್ದು. ಮೊದಲು ಅನಾನಸಿನಿಂದ ಮಾಡುತ್ತಿದ್ದದ್ದನ್ನು 1949ರಲ್ಲಿ ತೆಂಗಿಗೆ ಹೊಂದಿಸಿದರು. 1990ರ ದಶಕದಲ್ಲಿ ಜಪಾನಿನವರಿಗೆ ಇದರ ಹುಚ್ಚು ಹಿಡಿದಿತ್ತು.

ಬಾಟಲಿಯೊಂದರಲ್ಲಿ ಬಿಳಿ ಎಳೆಗಳು ಪಾಕದಲ್ಲಿ ತೇಲುತ್ತಿದ್ದವು. ಮಕಪುನೊ ಅಂತೆ. ಸಾಮಾನ್ಯ ತೆಂಗಿನ ಗೊಂಚಲಿನಲ್ಲೇ ಆಗೊಮ್ಮೆ ಈಗೊಮ್ಮೆ ಬಿಡುವ ವಿಚಿತ್ರ ಕಾಯಿ. ಒಳಗೆ ನೀರು ಕಡಿಮೆ, ತಿರುಳು ಗಟ್ಟಿಯಾಗದೆ ಲೋಳೆಲೋಳೆಯಾಗಿ ಚಿಪ್ಪನ್ನೆಲ್ಲ ತುಂಬಿರುತ್ತದೆ. ಈ ಕಾಯಿ ನೆಟ್ಟರೆ ಮೊಳೆಯುವುದಿಲ್ಲ. 1960ರ ದಶಕದಲ್ಲಿ ಅಲ್ಲಿನ ವಿಜ್ಞಾನಿಗಳು ಕಾಯಿಯೊಳಗಿನ ಭ್ರೂಣವನ್ನು ಬಿಡಿಸಿ ಪ್ರಯೋಗಾಲಯದಲ್ಲಿ ಬೆಳೆಸುವ ವಿಧಾನ ಕಂಡುಹಿಡಿದ ಮೇಲೆಯೇ ಇದರ ತೋಟ ಮಾಡುವುದು ಸಾಧ್ಯವಾಯಿತು. ಮಳಿಗೆಯವರು ಚಮಚದಲ್ಲಿ ಒಂದೆಳೆ ಕೊಟ್ಟರು. ಎಳನೀರಿನ ಗಂಜಿಗಿಂತ ಬಿಗಿ, ಜೆಲ್ಲಿಗಿಂತ ಮೆದು. ರುಚಿಗಿಂತ ಸಿಹಿಯೇ ಹೆಚ್ಚಾಯಿತು ನನಗೆ.

ಆದರೆ ಓಣಿಯಲ್ಲಿ ನಿಜವಾದ ವ್ಯಾಪಾರ ನಡೆಯುತ್ತಿದ್ದದ್ದು ಅತ್ಯಂತ ಸಪ್ಪೆಯಾಗಿ ಕಾಣುವ ಮೇಜಿನಲ್ಲಿ. ಬಣ್ಣದ ಬಾಟಲಿಯಿಲ್ಲ, ತಿನ್ನಲು ಕೊಡುವುದಿಲ್ಲ. ಚಪ್ಪಟೆ ತಟ್ಟೆಗಳಲ್ಲಿ ಒಣ ಕಾಯಿತುರಿ, ಸಣ್ಣದು, ನಡುವಿನದು, ಉದ್ದ ಎಳೆಯದು ಎಂದು ಬೇರೆ ಬೇರೆ. ಬಿಸ್ಕತ್ತು, ಚಾಕೊಲೇಟು, ಮಿಠಾಯಿ ಮಾಡುವವರಿಗೆ ಬೇಕಾದ ಸರಕು. ಒಬ್ಬ ಖರೀದಿದಾರ ಬಂದ. ಯಾವ ದೇಶದವನೋ, ಇಂಗ್ಲಿಷ್ ಉಚ್ಚಾರದಿಂದ ಊಹಿಸಲಾಗಲಿಲ್ಲ. ಚಿಟಿಕೆ ತುರಿ ತೆಗೆದು ಎರಡು ಬೆರಳ ನಡುವೆ ಹೊಸಕಿದ, ಮೂಸಿದ. ಆಮೇಲೆ ಜೇಬಿನಿಂದ ಕಪ್ಪು ಕಾಗದವೊಂದನ್ನು ಬಿಚ್ಚಿ ಅದರ ಮೇಲೆ ತುರಿಯನ್ನು ಹರಡಿ ಬಗ್ಗಿ ನೋಡಿದ. ತಿರುಳಿಗೆ ಅಂಟಿರುವ ಕಂದು ಸಿಪ್ಪೆಯನ್ನು ಸರಿಯಾಗಿ ಕೆತ್ತದಿದ್ದರೆ ತುರಿಯಲ್ಲಿ ಚುಕ್ಕೆ ಕಾಣುತ್ತದೆ, ಅದನ್ನು ಹುಡುಕುತ್ತಿದ್ದ. ಮಳಿಗೆಯ ಹೆಂಗಸು ಮಾತಾಡದೆ ಕಾದರು. ಅವನು ತಲೆಯೆತ್ತಿದ ಮೇಲೆ ಪ್ರಯೋಗಾಲಯದ ವರದಿ ಮುಂದಿಟ್ಟರು. ತೇವ ಶೇಕಡ 3ಕ್ಕಿಂತ ಕಡಿಮೆ, ಕೊಬ್ಬಿನಂಶ ಇಷ್ಟು, ಸಾಲ್ಮೊನೆಲ್ಲಾ ಇಲ್ಲ. ಚೀಲದ ತೂಕ 11.34 ಕಿಲೊ ಅಥವಾ 22.68 ಕಿಲೊ. ಈ ವಿಚಿತ್ರ ಲೆಕ್ಕ ಪೌಂಡಿನದು, 25 ಮತ್ತು 50 ಪೌಂಡು. 1898ರಿಂದ 1946ರವರೆಗೆ ದೇಶ ಅಮೆರಿಕದ ಕೈಯಲ್ಲಿತ್ತು, ತುರಿಯ ಉದ್ಯಮ ಬೆಳೆದದ್ದೂ ಅಮೆರಿಕದ ಮಿಠಾಯಿಗಾರರ ಬೇಡಿಕೆಯಿಂದಲೇ. ಆಳ್ವಿಕೆ ಹೋಯಿತು, ಚೀಲದ ತೂಕ ಉಳಿಯಿತು.

ಖರೀದಿದಾರ ಕೇಳಿದ ಕೊನೆಯ ಪ್ರಶ್ನೆ ಸರಕಿನ ಬಗ್ಗೆ ಇರಲಿಲ್ಲ. "ಚಂಡಮಾರುತ ಬಂದರೆ?" 2013ರ ನವೆಂಬರಿನ ಚಂಡಮಾರುತ ವಿಸಾಯಸ್ ದ್ವೀಪಗಳಲ್ಲಿ ಕೋಟಿಗಟ್ಟಲೆ ತೆಂಗಿನ ಮರಗಳನ್ನು ಉರುಳಿಸಿ ಹಾಳುಗೆಡವಿದ್ದು ಈ ವ್ಯಾಪಾರದಲ್ಲಿರುವವರಿಗೆ ಮರೆತಿಲ್ಲ. ತಮ್ಮ ಕಾರ್ಖಾನೆ ಇರುವುದು ದಕ್ಷಿಣದ ಮಿಂಡನಾವ್‌ನಲ್ಲಿ, ಚಂಡಮಾರುತಗಳ ಮಾಮೂಲು ದಾರಿಗಿಂತ ಕೆಳಗೆ ಎಂದು ಆಕೆ ಭೂಪಟ ತೋರಿಸಿದರು. ತೃಪ್ತಿಯಾಯಿತೋ ಇಲ್ಲವೋ, ಕಾರ್ಡು ಕೊಟ್ಟು ಹೋದ.

ತಿಪಟೂರಿನ ಸಂತೆ ನೋಡಿದವರಿಗೆ ಈ ಓಣಿಯಲ್ಲಿ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ನಮ್ಮ ಉಂಡೆ ಕೊಬ್ಬರಿ ಅಟ್ಟದ ಮೇಲೆ ತಿಂಗಳುಗಟ್ಟಲೆ ತಾನಾಗಿ ಒಣಗಿ, ತಿನ್ನುವ ಕೊಬ್ಬರಿ ಎಂದೇ ಬೆಲೆ ಪಡೆಯುತ್ತದೆ. ಫಿಲಿಪ್ಪೀನ್ಸಿನ ಕೊಬ್ಬರಿ ಕಾಯಿ ಒಡೆದು ಬಿಸಿಲಿಗೋ ಹೊಗೆಗೋ ಒಡ್ಡಿದ್ದು, ಹೋಗುವುದು ಎಣ್ಣೆ ಗಿರಣಿಗೆ. ಆ ಎಣ್ಣೆಯ ಬೆಲೆ ಗೊತ್ತಾಗುವುದು ರಾಟರ್‌ಡ್ಯಾಮ್‌ನ ಮಾರುಕಟ್ಟೆ ದರದಲ್ಲಿ. ಅಷ್ಟು ದೂರದ ದರಕ್ಕೆ ಕಟ್ಟುಬಿದ್ದ ರೈತನ ಪಾಲು ಹೆಚ್ಚಿಸಬೇಕಾದರೆ ಕೊಬ್ಬರಿಯ ಆಚೆಗೆ ಏನಾದರೂ ಮಾರಲೇಬೇಕು. ಸಕ್ಕರೆ, ಹಿಟ್ಟು, ಮಕಪುನೊ ಎಂದು ಇಷ್ಟೊಂದು ಬಗೆ ಹರವಿಕೊಂಡಿರುವುದರ ಹಿಂದಿನ ಲೆಕ್ಕ ಇದು.

ಮುಂದೆ ಮೀನು. ಮಿಂಡನಾವ್‌ನ ಜನರಲ್ ಸಾಂಟೋಸ್ ನಗರದ ಟ್ಯೂನಾ, ಜಾಂಬೊವಾಂಗಾದ ಬೂತಾಯಿ ಡಬ್ಬಿಗಳು. ಜಾಂಬೊವಾಂಗಾದ ಕಡಲಿನಲ್ಲಿ ಬೂತಾಯಿ ಮೊಟ್ಟೆಯಿಡುವ ಕಾಲಕ್ಕೆ ಸುಮಾರು ಮೂರು ತಿಂಗಳು ಹಿಡಿಯುವುದನ್ನು 2011ರಿಂದ ನಿಲ್ಲಿಸುತ್ತಾರೆ. ನಮ್ಮ ಕರಾವಳಿಯ ಮಳೆಗಾಲದ ನಿಷೇಧವನ್ನು ಬಲ್ಲವರಿಗೆ ಇದರ ಸುಖದುಃಖ ಎರಡೂ ಗೊತ್ತು. ಟ್ಯೂನಾದ್ದು ಸುಂಕದ ಕಥೆ. ಯುರೋಪು ಡಬ್ಬಿ ಟ್ಯೂನಾ ಮೇಲೆ ಸಾಮಾನ್ಯವಾಗಿ ಹಾಕುವ ಸುಂಕ ಶೇಕಡ 24. 2014ರ ಡಿಸೆಂಬರಿನಿಂದ ಫಿಲಿಪ್ಪೀನ್ಸಿಗೆ ವಿಶೇಷ ರಿಯಾಯಿತಿ ಸಿಕ್ಕಿ ಆ ಬಾಗಿಲು ತೆರೆಯಿತು. ಎಷ್ಟು ರುಚಿಯಾಗಿ ಮಾಡಿದರೂ ಇಂಥ ಒಂದು ಕಾಗದ ಮಾಡುವಷ್ಟು ಕೆಲಸವನ್ನು ಅಡುಗೆ ಕಟ್ಟೆ ಮಾಡಲಾರದು.

ಶೀತಲ ಪೆಟ್ಟಿಗೆಯ ಮುಂದೆ ಒಬ್ಬರು ಗಾಜಿಗೆ ಮೂಗು ತಾಗುವಷ್ಟು ಬಗ್ಗಿದ್ದರು. ಫೋನಿನಲ್ಲಿ ತುಳು ಕೇಳಿಸಿತು, ಮಾತಾಡಿಸಿದೆ. ಸೂಪರ್‌ಮಾರ್ಕೆಟೊಂದರಲ್ಲಿ ಖರೀದಿ ನೋಡಿಕೊಳ್ಳುವವರು, ಉಡುಪಿ ಕಡೆಯವರು.

"ಇದು ನಮ್ಮ ಹೂಮೀನು ಮಾರಾಯ್ರೆ. ಇವರು ಬಂಗುಸ್ ಅಂತಾರೆ."

"ನಮ್ಮಲ್ಲೂ ಉಂಟಲ್ಲ, ಮತ್ತೆ ಇವರದ್ದು ಎಂತ ವಿಶೇಷ?"

"ಮುಳ್ಳು! ಈ ಮೀನಿಗೆ ಎಷ್ಟು ಮುಳ್ಳು ಅಂತ ತಿಂದವರಿಗೇ ಗೊತ್ತು. ಇವರು ಒಂದೊಂದೇ ಕೈಯಿಂದ ಕಿತ್ತು ಕೊಡ್ತಾರೆ. ಮಕ್ಕಳಿಗೆ ಕೊಡ್ಲಿಕ್ಕೆ ಹೆದರಿಕೆ ಇಲ್ಲ. ಇದನ್ನು ನಮ್ಮವರೂ ತೆಗೊಂಡಾರು, ನೋಡ್ಬೇಕು."

ಚಿಮುಟಿಗೆ ಹಿಡಿದು ಮುಳ್ಳು ಕೀಳುವ ವಿಡಿಯೊ ಪೆಟ್ಟಿಗೆಯ ಮೇಲೆ ಓಡುತ್ತಿತ್ತು. ಮೀನನ್ನು ಬೆನ್ನಿನಿಂದ ಸೀಳಿ, ಬೆನ್ನೆಲುಬು ಬಿಡಿಸಿ, ಮಾಂಸದೊಳಗಿನ ಕವಲು ಮುಳ್ಳುಗಳನ್ನು ಒಂದೊಂದಾಗಿ ಎಳೆಯುತ್ತಿದ್ದರು. ಮೀನಿನ ಆಕಾರ ಕೆಡುತ್ತಿರಲಿಲ್ಲ. ಇಡೀ ಸಾಲಿನಲ್ಲಿ ಫಿಲಿಪ್ಪೀನ್ಸಿನವರಲ್ಲದ ಗಿರಾಕಿಗೆ ತಕ್ಷಣ ಮನವರಿಕೆಯಾಗುವ ಸರಕು ಯಾವುದು ಎಂದರೆ ನಾನು ಇದನ್ನೇ ತೋರಿಸುತ್ತೇನೆ. ಉಡುಪಿಯವರು ದರಪಟ್ಟಿ ತೆಗೆದುಕೊಂಡರು. ಆರ್ಡರ್ ಕೊಟ್ಟರೋ, ಗೊತ್ತಿಲ್ಲ.

ಇದೇ ಜಾಗದಲ್ಲಿ ಇನ್ನೊಂದನ್ನು ಗಮನಿಸಿದೆ. ಹಂದಿಮಾಂಸದ ಅಡುಗೆ ಆ ದೇಶದ ಹಬ್ಬದೂಟದಲ್ಲಿ ದೊಡ್ಡದು. ಇಲ್ಲಿ ಅದರ ಸುಳಿವೇ ಇಲ್ಲ. ಲೊಂಗನೀಸಾ ಎಂಬ ಅವರ ಸಿಹಿ ಸಾಸೇಜು ಕೋಳಿಮಾಂಸದ್ದು, ಪ್ರತಿ ಪೊಟ್ಟಣದ ಮೇಲೂ ಹಲಾಲ್ ಮುದ್ರೆ. ಕ್ರೈಸ್ತರೇ ಹೆಚ್ಚಿರುವ ದೇಶವಾದರೂ ಮಿಂಡನಾವ್‌ನಲ್ಲಿ ಮುಸ್ಲಿಮರು ನೂರಾರು ವರ್ಷಗಳಿಂದ ಇದ್ದಾರೆ. ಹಲಾಲ್ ರಫ್ತಿಗೆ ಉತ್ತೇಜನ ಕೊಡಲೆಂದೇ 2016ರಲ್ಲಿ ಒಂದು ಕಾನೂನನ್ನೂ ಮಾಡಿದರು. ಮೇಳ ನಡೆಯುವ ಊರಿಗೆ ತಕ್ಕಂತೆ ದೇಶವೊಂದು ತನ್ನ ಅಡುಗೆಮನೆಯಲ್ಲಿ ಯಾವುದನ್ನು ಮುಂದಿಡುತ್ತದೆ, ಯಾವುದನ್ನು ಒಳಗಿಡುತ್ತದೆ ಎಂಬುದನ್ನು ಈ ಪೆಟ್ಟಿಗೆಯ ಮುಂದೆ ನಿಂತರೆ ಕಾಣಬಹುದು.

ಸಾಲಿನ ಹಿಂಬದಿಗೆ ತಿರುಗಿದೆ. ಇಲ್ಲಿ ಓಡಾಟವೇ ಕಡಿಮೆ. ಒಂದು ಮಳಿಗೆಯಲ್ಲಿ ಗಾಜಿನ ಸೀಸೆಗಳಲ್ಲಿ ಬರೀ ನಸುಹಳದಿ ಪುಡಿ, ಪಕ್ಕದಲ್ಲಿ ಒಣಗಿದ ಕಡಲಪಾಚಿಯ ಒಂದು ಕಂತೆ. ಅದನ್ನು ಕುದಿಸಿ ಅಥವಾ ಕ್ಷಾರದಲ್ಲಿ ತೊಳೆದು ತೆಗೆಯುವ ಕ್ಯಾರಗೀನನ್ ಈ ಪುಡಿ. ಚಾಕೊಲೇಟ್ ಹಾಲಿನಲ್ಲಿ ಕೋಕೊ ತಳ ಸೇರದಂತೆ, ಐಸ್‌ಕ್ರೀಮಿನಲ್ಲಿ ನೀರು ಬೇರೆಯಾಗದಂತೆ ಹಿಡಿದಿಡುವುದು ಇದರ ಕೆಲಸ. ಪೊಟ್ಟಣದ ಮೇಲೆ ಇ 407 ಅಥವಾ 407ಎ ಎಂಬ ಸಂಖ್ಯೆಯಾಗಿ ಅಡಗಿರುತ್ತದೆ. ಈ ಪಾಚಿಯ ಕೃಷಿ ಫಿಲಿಪ್ಪೀನ್ಸಿನಲ್ಲಿ ವ್ಯಾಪಾರದ ಮಟ್ಟಕ್ಕೆ ಬಂದದ್ದು 1970ರ ದಶಕದಲ್ಲಿ. ದಕ್ಷಿಣ ತುದಿಯ ತಾವಿ ತಾವಿ ದ್ವೀಪಗಳಲ್ಲಿ ಕಡಲಿನಲ್ಲಿ ಹಗ್ಗ ಕಟ್ಟಿ, ಅದಕ್ಕೆ ಪಾಚಿಯ ತುಂಡು ಬಿಗಿದು ಬೆಳೆಸುತ್ತಾರೆ. ಅಡೋಬೊ ಹೆಸರೇ ಕೇಳದವರ ಹೊಟ್ಟೆಗೂ ಆ ದ್ವೀಪಗಳ ಬೆಳೆ ಹೀಗೆ ಸೇರುತ್ತಿದೆ. ಕಾಯಿತುರಿಯೂ ಹಾಗೆಯೇ, ಎಣ್ಣೆಯೂ ಹಾಗೆಯೇ. ಮುಂದಿನ ಸಾಲಿನವರು ಹೆಸರಿಗಾಗಿ ಹೆಣಗುತ್ತಿದ್ದಾರೆ, ಹಿಂದಿನ ಸಾಲಿನವರು ಹೆಸರಿಲ್ಲದೆಯೇ ಕಂಟೇನರ್ ತುಂಬಿಸುತ್ತಿದ್ದಾರೆ.

ಕೊನೆಗೆ ಮಾತುಕತೆಯ ಮೇಜುಗಳು. ಮೊದಲೇ ಗೊತ್ತುಮಾಡಿದ ಭೇಟಿಗಳು, ಇಲಾಖೆಯ ಸಿಬ್ಬಂದಿ ಪಟ್ಟಿ ಹಿಡಿದು ಒಬ್ಬರನ್ನು ಎಬ್ಬಿಸಿ ಇನ್ನೊಬ್ಬರನ್ನು ಕೂರಿಸುತ್ತಿದ್ದರು. ಕಿವಿಗೆ ಬಿದ್ದಷ್ಟು ಬರೆದುಕೊಂಡೆ. ಬೆಲೆ ದಾವಾವ್ ಬಂದರಿನವರೆಗೋ, ಇಲ್ಲಿನವರೆಗೋ? ಇಪ್ಪತ್ತಡಿ ಕಂಟೇನರಿಗೆ ಎಷ್ಟು ಪೆಟ್ಟಿಗೆ? ಅರಬ್ಬಿ ಲೇಬಲ್ ಯಾರು ಹಚ್ಚುತ್ತಾರೆ? ಸರಕು ಇಲ್ಲಿ ಇಳಿಯುವ ಹೊತ್ತಿಗೆ ಬಾಳಿಕೆ ಎಷ್ಟು ತಿಂಗಳು ಉಳಿದಿರುತ್ತದೆ? ಸಣ್ಣವರು ಸಿಕ್ಕಿಬೀಳುವುದು ಕಂಟೇನರಿನ ಪ್ರಶ್ನೆಯಲ್ಲಿ. ಖಾರದ ವಿನೆಗರ್ ಮಾಡುವ ಒಂದು ಕುಟುಂಬದವರು ಇಡೀ ಕಂಟೇನರ್ ತುಂಬಿಸಲಾರೆವು ಎಂದರು. ನಾಲ್ಕಾರು ಕಂಪನಿಗಳ ಸರಕನ್ನು ಒಟ್ಟುಗೂಡಿಸಿ ಕಳಿಸುವ ವ್ಯಾಪಾರಿಯೊಬ್ಬರು ಆ ಮೇಜಿಗೂ ಈ ಮೇಜಿಗೂ ಓಡಾಡುತ್ತಿದ್ದದ್ದು ಅಂಥವರಿಗಾಗಿಯೇ ಇರಬೇಕು.

ಎಳನೀರಿನ ಮಳಿಗೆಯವರೊಬ್ಬರು ಬಿಡುವಾಗಿ ಸಿಕ್ಕರು. ಹೇಗಿದೆ ವ್ಯಾಪಾರ ಎಂದು ಕೇಳಿದೆ. "ಕೇಳುವವರು ಬಹಳ ಇದ್ದಾರೆ ಸರ್. ಆದರೆ ನಮ್ಮ ಬಾಟಲಿ ಬೇಡ ಅಂತಾರೆ. ಅವರ ಹೆಸರು ಹಾಕಿ ಕೊಡಿ ಅಂತಾರೆ" ಎಂದರು. ಬೇಸರವೇ ಎಂದಾಗ ನಕ್ಕರು. ಕಾರ್ಖಾನೆ ನಡೆಯಬೇಕು, ಕೂಲಿ ಕೊಡಬೇಕು, ನಮ್ಮ ಹೆಸರಾದರೂ ಅವರ ಹೆಸರಾದರೂ ಒಪ್ಪುತ್ತೇವೆ ಎಂದರು. ಅವರ ತಲೆಯ ಮೇಲಿದ್ದ ದೊಡ್ಡ ಫಲಕದಲ್ಲಿ ಮಾತ್ರ ದೇಶದ ಹೆಸರು, ಅದರ ರುಚಿಯ ಹೊಗಳಿಕೆ.

ಇಂಥ ಮೇಳ ಮುಗಿದ ಮೇಲೆ ಇಷ್ಟು ಕೋಟಿ ಡಾಲರ್ ವಹಿವಾಟು ಎಂಬ ಪ್ರಕಟಣೆ ಬರುವುದು ಎಲ್ಲ ದೇಶಗಳಲ್ಲೂ ರೂಢಿ. ಅದರಲ್ಲಿ ಸಹಿಯಾದ ಆರ್ಡರಿನ ಜತೆ ಮಾತುಕತೆಯ ಹಂತದಲ್ಲಿರುವುದನ್ನೂ ಸೇರಿಸುವುದುಂಟು. ನಾನು ಕಣ್ಣಾರೆ ಕಂಡದ್ದು ಕಾರ್ಡು, ದರಪಟ್ಟಿ, ಕಪ್ಪು ಕಾಗದದ ಮೇಲಿನ ಚಿಟಿಕೆ ತುರಿ ಇಷ್ಟನ್ನೇ. ಇದರಲ್ಲಿ ಎಷ್ಟು ಸರಕಾಗಿ ಹಡಗು ಹತ್ತುತ್ತದೆ ಎಂಬುದು ಸ್ಯಾಂಪಲ್ ಹೋಗಿ, ಪ್ರಯೋಗಾಲಯದ ವರದಿ ಬಂದು, ಮೊದಲ ಸಣ್ಣ ಆರ್ಡರ್ ತಕರಾರಿಲ್ಲದೆ ತಲುಪಿದ ಮೇಲಿನ ಮಾತು. ಸರ್ಕಾರ ರಫ್ತುದಾರನನ್ನು ಮೇಜಿನವರೆಗೆ ಕರೆತರಬಲ್ಲದು. ಬಾಟಲಿಯ ಮೇಲೆ ಯಾರ ಹೆಸರಿರಬೇಕು ಎಂಬ ಚೌಕಾಶಿಯನ್ನು ಅವನೇ ಮಾಡಬೇಕು. ಹಾಗಾಗಿ ಈ ಸಾಲಿನ ಫಲವನ್ನು ಅಳೆಯುವ ಕೆಲಸ ನನಗೆ ಕೊಟ್ಟರೆ ಪ್ರಕಟಣೆಯ ಕೋಟಿಗಳನ್ನು ನೋಡುವುದಿಲ್ಲ. ಆ ವಿನೆಗರ್ ಕುಟುಂಬದವರು ಮುಂದಿನ ವರ್ಷಗಳಲ್ಲಿ ತಮ್ಮದೇ ಲೇಬಲ್ ಹಚ್ಚಿದ ಬಾಟಲಿ ಹಿಡಿದು, ತಮ್ಮದೇ ದುಡ್ಡಿನಲ್ಲಿ ಬಾಡಿಗೆ ಕಟ್ಟಿ ಬರುತ್ತಾರೆಯೇ ಎಂದು ನೋಡುತ್ತೇನೆ.